ಹೂಳೆತ್ತುವವನು

ಇಪ್ಪತ್ತೆಂಟು ವರ್ಷದಿಂದ
ಈ ಕಾಲುವೆಗಳಿಗೆ ಕ್ಷೌರ ಮಾಡುವವನು ನಾನೇ.
ಕ್ಯಾಂಟರ್ಬರಿಯ ಬಯಲು, ದಾರ ಕಟ್ಟಿ ಎಳೆದಂಥ ಬೇಲಿಗಳು,
ಬೇಲಿಯ ಬುಡಕ್ಕೆ ಮೊಣಕಾಲು ಮುಳುಗದ ನೀರು.
ಫೆಬ್ರವರಿ ಬಂತೆಂದರೆ ನನ್ನ ಯಂತ್ರ ಕತ್ತು ಬಗ್ಗಿಸಿ
ಜೊಂಡು, ಪಾಚಿ, ಹೂಳು, ವಿಲ್ಲೋ ಬೇರು ಒಟ್ಟಿಗೇ ಬಾಚಿ
ದಡಕ್ಕೆ ಒಗೆಯುತ್ತದೆ.
ಮೀಟರಿಗಿಷ್ಟು ಎಂದು ಕೂಲಿ.

ಅವತ್ತು ಬೆಟ್ಟ ದಾಟಿ ಬರುವ ಒಣಗಾಳಿ,
ತುಟಿ ಸೀಳುವಂಥದ್ದು, ಹಸುಗಳೂ ಸಿಡುಕುವಂಥದ್ದು.
ಕಾಲುವೆಯಲ್ಲಿ ಹನಿ ನೀರಿಲ್ಲ.
ಸಲೀಸಾಯಿತಲ್ಲ ನಿನಗೆ, ಅಂದಿದ್ದ ಕ್ಯಾಲ್ಡರ್,
ಆರುನೂರು ಹಸುಗಳ ಯಜಮಾನ.

ಫ್ಲಾಸ್ಕಿನ ಚಹಾಕ್ಕೆಂದು ಇಳಿದವನು
ಎತ್ತಿ ಹಾಕಿದ ಹೆಂಟೆಯ ಮೇಲೇ ಕೂತೆ.
ಹೆಂಟೆ ಮಿಸುಕಿತು.

ಬೇರಿನ ಮಡಿಕೆಯಲ್ಲಿ, ಅಂಗೈಯಷ್ಟು ತೇವದಲ್ಲಿ
ನನ್ನ ತೋರುಬೆರಳಿನುದ್ದದ ಒಂದು ಜೀವ.
ಮೈಮೇಲೆ ಒಂದೂ ಹುರುಪೆಯಿಲ್ಲ,
ಬೆನ್ನ ತುಂಬ ಮಾಸಲು ಚುಕ್ಕೆ,
ತುಕ್ಕು ತಗಡಿನ ಮೇಲೆ ಇಬ್ಬನಿ ಬಿದ್ದ ಹಾಗೆ.

ನೀರು ಬಿಟ್ಟ ಮೀನು ಅನ್ನುತ್ತಾರಲ್ಲ,
ಚಡಪಡಿಸುವವರನ್ನು ಕಂಡು.
ಇದು ಚಡಪಡಿಸಲಿಲ್ಲ.
ನಿದ್ದೆ ಕೆಡಿಸಿದವನ ಕಡೆ ನೋಡುವಂತೆ
ನನ್ನನ್ನೊಮ್ಮೆ ನೋಡಿ
ಬೇರಿನತ್ತ ಮುಖ ತಿರುವಿತು.

ಕೋವಾರೊ, ಅಂದಳು ರಿಪೆಕಾ,
ಎರಡು ಹೊಲದಾಚೆಯವಳು, ಶಾಲೆಯ ಬಸ್ಸು ಓಡಿಸುವವಳು.
ನೀರು ಬತ್ತಿದರೆ ಬೇರಿನಡಿ ಹೊಕ್ಕು
ಚರ್ಮದಿಂದಲೇ ಉಸಿರೆಳೆದು ಮಳೆ ಕಾಯುತ್ತದೆ,
ವಾರಗಟ್ಟಲೆ.
ಅವಳಜ್ಜಿಯ ಅಜ್ಜಿಗೆ ಇದರ ಗುರುತಿತ್ತಂತೆ;
ಆಗ ಇಲ್ಲೆಲ್ಲ ಜೌಗು, ಆಳೆತ್ತರದ ಹರಕೆಕೆ ಪೊದೆ.
ಆಮೇಲೆ ನಿಮ್ಮವರು ಬಂದು ಬಸಿದರು, ಅಂದಳು,
ಸಿಟ್ಟಿನಿಂದಲ್ಲ,
ದಾರಿ ಕೇಳಿದವರಿಗೆ ದಾರಿ ಹೇಳುವ ದನಿಯಲ್ಲಿ.
ಅಷ್ಟು ದೊಡ್ಡ ಜೌಗಿನಲ್ಲಿ ಉಳಿದದ್ದು ಈ ಗೀರು.
ಗೀರಿನೊಳಗೆ ಇದು.

ಮೋರಿಯ ಕೆಳಗೆ ಒಂದು ಗುಂಡಿ ನೀರು ಉಳಿದಿತ್ತು.
ಸಂಜೆ ಅಲ್ಲಿ ಆರು ತಂತಿಬುಟ್ಟಿಗಳನ್ನಿಟ್ಟಳು,
ಒಂದೊಂದರಲ್ಲೂ ಚಿಟಿಕೆ ಮಾರ್ಮೈಟ್.
ಬುಟ್ಟಿಯ ನೆತ್ತಿ ನೀರಿನ ಮೇಲಿರಲಿ, ಅಂದಳು,
ಗಾಳಿ ಸಿಗದಿದ್ದರೆ ಮೀನು ಮುಳುಗಿ ಸತ್ತೀತು.
ಮೀನು, ಮುಳುಗಿ!
ನಾನು ನಕ್ಕೆ. ಅವಳು ನಗಲಿಲ್ಲ.
ಬೆಳಿಗ್ಗೆ ಐದು ಖಾಲಿ,
ಆರನೆಯದರಲ್ಲಿ ಎರಡು.

ಲೆಕ್ಕದಲ್ಲಿ ನಾನು ಚುರುಕಲ್ಲ. ಆದರೂ ಆ ರಾತ್ರಿ
ಇಪ್ಪತ್ತೆಂಟು ಫೆಬ್ರವರಿ, ವರ್ಷಕ್ಕೆ ನಲವತ್ತು ಕಿಲೋಮೀಟರು,
ಬಿಸಿಲಿಗೆ ಒಗೆದ ಹೆಂಟೆಗಳು ಎಷ್ಟು, ಹೆಂಟೆಯಲ್ಲಿ—
ಅಲ್ಲಿಗೆ ನಿಲ್ಲಿಸಿದೆ.
ಯಾಕೆ ಎದ್ದು ಕೂತೆ, ಅಂದಳು ಜೀನೆಟ್.
ಗಾಳಿ, ಅಂದೆ.

ಈಗ ಒಂದೇ ಮಗ್ಗುಲು ಬಾಚುತ್ತೇನೆ.
ಬೇರು ಕಂಡಲ್ಲಿ ಯಂತ್ರ ಎತ್ತಿ ದಾಟಿಸುತ್ತೇನೆ.
ಹೆಂಟೆ ಒಡೆದು ನೋಡುತ್ತೇನೆ, ಮೊಟ್ಟೆ ಒಡೆಯುವಷ್ಟು ಹಗುರ ಕೈಯಲ್ಲಿ,
ಹೀಗೆ ನೋಡಲು ಯಾರೂ ಕೂಲಿ ಕೊಡುವುದಿಲ್ಲ.
ಕ್ಯಾಲ್ಡರ್ ಗೇಟಿಗೊರಗಿ ಗಡಿಯಾರ ನೋಡುತ್ತಾನೆ.
ಬರುವ ವರ್ಷ ಬೇರೆ ಯಂತ್ರ ಕರೆಸಿದರೂ ಕರೆಸಿಯಾನು,
ಒಳ್ಳೆಯವನೇ, ಸಾಲವಿದೆ ಅವನಿಗೂ.

ಆವತ್ತಿನ ಹೆಂಟೆಯನ್ನು ತೆಗೆದಲ್ಲೇ ಇಟ್ಟು ಬಂದಿದ್ದೆ.
ತಲೆಕೆಳಗಾಗಿ ಇಟ್ಟೆನೋ ಏನೋ,
ಆ ಅನುಮಾನ ಹಲ್ಲಿನ ಸಂದಿಯ ನಾರಿನಂತೆ ಉಳಿದಿತ್ತು.

ಜೂನಿನಲ್ಲಿ ಮಳೆ ಹಿಡಿಯಿತು, ಮೂರು ಹಗಲು, ಮೂರು ರಾತ್ರಿ.
ಟಾರ್ಚು ಹಿಡಿದು ಹೋದೆ.
ಕಣಕಾಲು ಮಟ್ಟದ ನೀರು, ಹಳೇ ಚಹಾದ ಬಣ್ಣ.
ಏನೂ ಕಾಣಲಿಲ್ಲ.
ಬೇರಿನ ಹತ್ತಿರ ಒಂದು ಗುಳ್ಳೆ ಎದ್ದು
ಒಡೆಯಿತು.
ಹೂಳಿನ ಗುಳ್ಳೆಯೂ ಇದ್ದೀತು.
ಇನ್ನೊಂದಕ್ಕೆ ಕಾಯುತ್ತ ನಿಂತೆ,
ಬೂಟಿನೊಳಗೆ ನೀರು ಇಳಿಯುವವರೆಗೂ,
ಇಳಿದ ಮೇಲೂ.